ಗೆರೆ ಕಾಯುವವಳು

ಬ್ಯಾನರಿನಲ್ಲಿ ಮಕ್ಕಳ ಫೋಟೋ ಇರಲೇಬೇಕೆಂದು ಪೇಂಟ್ ಅಂಗಡಿಯ ಸಾಹುಕಾರರು ಹಟ ಹಿಡಿದು ಕೂತಿದ್ದರು. ಕೂತಿದ್ದದ್ದು ಒಂದು ದೊಡ್ಡ ಪೇಂಟ್ ಡಬ್ಬದ ಮೇಲೆ. ಉಳಿದವರಿಗೂ ಅಂಥದೇ ಸಿಂಹಾಸನ. ಅಂಗಡಿಯ ಹಿಂದಿನ ಗೋದಾಮಿನಲ್ಲಿ, ಟರ್ಪೆಂಟೈನಿನ ಘಾಟಿನ ನಡುವೆ, ವಾಲಿಬಾಲ್ ಪಂದ್ಯಾವಳಿಯ ಸಮಿತಿ ಸಭೆ ಸೇರಿತ್ತು. ಮನೆಯಿಲ್ಲದ ಹದಿಹರೆಯದ ಮಕ್ಕಳಿಗಾಗಿ ಊರ ಹೊರಗೆ ಒಂದು ತಂಗುಮನೆ ಇತ್ತು. ಅದರ ಮಹಡಿಗೆ ಗೋಡೆ ಎದ್ದಿದೆ, ಚಾವಣಿ ಇಲ್ಲ. ಚಾವಣಿ ಬಂದರೆ ಇನ್ನೊಂದಷ್ಟು ಮಕ್ಕಳು ಅಲ್ಲಿ ಮಲಗಬಹುದು. ಅದಕ್ಕಾಗಿ ಈ ಪಂದ್ಯ, ಈ ಟಿಕೆಟ್ಟು, ಈ ಬ್ಯಾನರು.

"ಫೋಟೋ ಇಲ್ದಿದ್ರೆ ಜನಕ್ಕೆ ಅಯ್ಯೋ ಅನ್ಸೋದು ಹೇಗಮ್ಮಾ? ಅಯ್ಯೋ ಅನ್ಸದೆ ಯಾರೂ ಜೇಬಿಗೆ ಕೈ ಹಾಕಲ್ಲ," ಎಂದರು ಸಾಹುಕಾರರು.

"ಬೇಡ ಸಾರ್," ಎಂದಳು ಪಂದ್ಯಾವಳಿಯ ಸಂಚಾಲಕಿಯಾದ ಹುಡುಗಿ. "ಯಾರ್ಯಾರು ಯಾರ್ಯಾರಿಂದ ತಪ್ಪಿಸ್ಕೊಂಡು ಅಲ್ಲಿಗೆ ಬಂದಿದಾರೋ ಏನೋ. ಅವರ ಮುಖ ತಂದು ಗೋಡೆ ಗೋಡೆಗೆ ಅಂಟಿಸೋದು ಸರಿಯಲ್ಲ."

ಸಾಹುಕಾರರು ಕೆಟ್ಟವರಲ್ಲ. ಕಂಬ, ನೆಟ್ಟು, ಕುಡಿಯುವ ನೀರು ಎಲ್ಲಕ್ಕೂ ಅವರದೇ ಖರ್ಚು. ಆದರೆ ಬಲಗೈ ಕೊಟ್ಟದ್ದು ಎಡಗೈಗೂ ಗೊತ್ತಾಗಬೇಕು, ಎದುರು ಬೀದಿಗೂ ಗೊತ್ತಾಗಬೇಕು ಎನ್ನುವ ಪೈಕಿ. ಕೊನೆಗೆ ರೆಫರಿ ಮೇಷ್ಟ್ರು ಅಡ್ಡ ಬಾಯಿ ಹಾಕಿದರು. ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಕೊರಳಿನ ಸೀಟಿ ಮಾತ್ರ ಇನ್ನೂ ನಿವೃತ್ತವಾಗಿರಲಿಲ್ಲ. "ಹುಡುಗಿ ಹೇಳೋದು ಸರಿಯಾಗಿದೆ. ಬ್ಯಾನರ್ ಮೇಲೆ ಒಂದು ಬಾಲ್ ಹಾಕಿ, ಕೆಳಗೆ ನಿಮ್ಮ ಹೆಸರು ದೊಡ್ಡದಾಗಿ ಹಾಕಿ. ಮುಗೀತು."

ತಮ್ಮ ಹೆಸರು ದೊಡ್ಡದಾಗುತ್ತದೆಂದ ಮೇಲೆ ಸಾಹುಕಾರರೂ ತಣ್ಣಗಾದರು. "ಎಷ್ಟು ಸೂಕ್ಷ್ಮವಾಗಿ ಯೋಚಿಸ್ತಾಳೆ ನೋಡಿ ಈ ಹುಡುಗಿ," ಎಂದು ಯಾರೋ ಹೊಗಳಿದರು. ಅವಳು ತಲೆ ತಗ್ಗಿಸಿದಳು. ಎಲ್ಲರೂ ಅದನ್ನು ವಿನಯ ಎಂದುಕೊಂಡರು. ನಿಜ ಸಂಗತಿ ಬೇರೆ. ಫೋಟೋ ಹಾಕಿದರೆ ಒಬ್ಬ ಹುಡುಗ ಪಂದ್ಯಕ್ಕೆ ಬಾರದೇ ಹೋದಾನು ಎನ್ನುವುದು ಅವಳ ಭಯ. ಇಡೀ ಪಂದ್ಯಾವಳಿಯನ್ನು ಅವಳು ಎಬ್ಬಿಸಿದ್ದೇ ಅವನೊಬ್ಬನಿಗಾಗಿ.

ಅವಳಿಗೆ ಕೆಲಸ ಕನ್ನಡಕದ ಅಂಗಡಿಯಲ್ಲಿ. ಬಂದವರ ಗಲ್ಲವನ್ನು ಯಂತ್ರದ ಮೇಲೆ ಇಡಿಸಿ ಕೆಳಗಿನ ಸಾಲು ಓದಿ ಎನ್ನುವುದು, ಗಾಜಿನ ಅಂಚು ಉಜ್ಜಿ ಫ್ರೇಮಿಗೆ ಕೂರಿಸುವುದು, ಕಿವಿಯ ಹಿಂದೆ ಒತ್ತುತ್ತದೆ ಎಂದವರ ಕಡ್ಡಿಯನ್ನು ಬಿಸಿಗಾಳಿಗೆ ಹಿಡಿದು ಬಗ್ಗಿಸುವುದು. ಬೀದಿಯವರಿಗೆಲ್ಲ ಅವಳು ಕನ್ನಡಕದ ಹುಡುಗಿ. ಅವಳ ಮೂಗಿನ ಮೇಲೆ ಮಾತ್ರ ಕನ್ನಡಕವಿಲ್ಲ. ಅಷ್ಟು ಚುರುಕು ಕಣ್ಣು.

ಅಪ್ಪ ಅಮ್ಮ ಒಬ್ಬರ ಹಿಂದೊಬ್ಬರು ತೀರಿಕೊಂಡ ಮೇಲೆ ಉಳಿದದ್ದು ಅವಳು ಮತ್ತು ಅವಳಿಗಿಂತ ತುಂಬ ಚಿಕ್ಕವನಾದ ತಮ್ಮ. ತಮ್ಮನನ್ನು ಸೋದರಮಾವ ಕರೆದುಕೊಂಡು ಹೋದರು. ಅವಳು ಕೆಲಸ ಹುಡುಕಿಕೊಂಡು ಈ ಊರಿಗೆ ಬಂದು ಹೆಂಗಸರ ಹಾಸ್ಟೆಲ್ ಸೇರಿದಳು. ಎರಡು ವರ್ಷದ ಹಿಂದೆ ಒಂದು ಸಂಜೆ ಆ ತಮ್ಮ ಹೆಗಲಿಗೆ ಚೀಲ ಹಾಕಿಕೊಂಡು ಹಾಸ್ಟೆಲ್ಲಿನ ಗೇಟಿನ ಮುಂದೆ ನಿಂತಿದ್ದ. "ಅಲ್ಲಿ ಇರಕ್ಕಾಗಲ್ಲಕ್ಕ," ಎಂದ. ಇನ್ನೇನೂ ಹೇಳಲಿಲ್ಲ. ಹೇಳುವುದೇನು, ಅತ್ತೆಯ ಬಾಯಿ ಅವಳಿಗೆ ಗೊತ್ತಿಲ್ಲದ್ದೇ?

ಆದರೆ ಹಾಸ್ಟೆಲ್ಲಿನ ಗೇಟು ದಾಟಿ ಗಂಡಸಿನ ನೆರಳೂ ಒಳಗೆ ಬೀಳುವಂತಿರಲಿಲ್ಲ. ಹದಿನಾಲ್ಕರ ಹುಡುಗ ಯಾವ ಸೀಮೆ ಗಂಡಸು ಎಂದು ವಾರ್ಡನ್ ಜೊತೆ ವಾದ ಮಾಡಿ ಸೋತಳು. ಅಕ್ಕ ತಮ್ಮ ಇಬ್ಬರೂ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತು ಬನ್ನು ತಿಂದರು. "ಸ್ವಲ್ಪ ದಿನ ಮಾವನ ಮನೇಲೇ ಹೇಗೋ ಹಲ್ಲು ಕಚ್ಕೊಂಡು ಇರು. ಅಷ್ಟರಲ್ಲಿ ನಾನೊಂದು ಮನೆ ಮಾಡ್ತೀನಿ," ಎಂದಳು. "ಆಯ್ತಕ್ಕ," ಎಂದು ಅವನು ಎದ್ದು ಹೋದ. ಹೋಗುವಾಗ ತಿರುಗಿ ನೋಡಲಿಲ್ಲ. ಅದು ಅವಳ ಗಮನಕ್ಕೆ ಬಂದದ್ದು ಬಹಳ ತಡವಾಗಿ.

ಮನೆ ಎಲ್ಲಿ ಸಿಗುತ್ತದೆ? ಒಂಟಿ ಹುಡುಗಿ ಎಂದರೆ ಮಾಲೀಕರ ಹುಬ್ಬು ಮೇಲೇರುತ್ತಿತ್ತು. ಜೊತೆಗೆ ತಮ್ಮ ಇರುತ್ತಾನೆ ಎಂದರೆ, "ತಮ್ಮಾನಾ? ಸ್ವಂತ ತಮ್ಮಾನೇನಾ?" ಅಂತೂ ಎರಡು ಕೋಣೆಯ ಮನೆಯೊಂದು ಸಿಕ್ಕಿ, ಮುಂಗಡ ಕೊಟ್ಟು, ಮಾವನಿಗೆ ಫೋನ್ ಮಾಡಿದಳು.

"ಇದೇನೇ ಹೀಗಂತೀಯ? ಅವನು ನಿನ್ನ ಹತ್ರಾನೇ ಇದಾನೆ ಅಂದ್ಕೊಂಡಿದ್ವಲ್ಲ!" ಎಂದರು ಮಾವ.

ಅತ್ತೆಯ ಚುಚ್ಚು ಮಾತು ಕೇಳಬೇಕಲ್ಲ ಎಂದು ಅವಳು ಅಷ್ಟು ದಿನ ಫೋನ್ ಮಾಡಿರಲಿಲ್ಲ. ಪೀಡೆ ತೊಲಗಿತಲ್ಲ ಎಂದು ಅವರೂ ಮಾಡಿರಲಿಲ್ಲ. ಇವಳ ಹತ್ತಿರ ಇದ್ದಾನೆಂದು ಅವರು, ಅವರ ಹತ್ತಿರ ಇದ್ದಾನೆಂದು ಇವಳು. ನಡುವೆ ಹುಡುಗ ಎಲ್ಲಿಯೂ ಇರಲಿಲ್ಲ. ಪೊಲೀಸ್ ಠಾಣೆ, ಬಸ್ ನಿಲ್ದಾಣ, ಆಸ್ಪತ್ರೆ, ಅವನ ಶಾಲೆಯ ಗೆಳೆಯರ ಮನೆ, ಎಲ್ಲ ಕಡೆಯೂ ಅಲೆದು ಕಾಲು ಸೋತವು.

ಹಿಡಿದ ಮನೆಯನ್ನು ಅವಳು ಬಿಡಲಿಲ್ಲ. ಒಂದು ಕೋಣೆಯಲ್ಲಿ ಅವಳು, ಇನ್ನೊಂದರಲ್ಲಿ ಒಂದು ಮಂಚ. ಅದರ ಮೇಲಿನ ಹಾಸಿಗೆಯ ಪ್ಲಾಸ್ಟಿಕ್ ಹೊದಿಕೆ ಇನ್ನೂ ಬಿಚ್ಚಿಲ್ಲ. ಒಬ್ಬಳಿಗಾಗಿ ಅಡುಗೆ ಮಾಡುವುದು ಎಷ್ಟು ಬೇಸರವೆಂದರೆ, ಮಾಡಿದ್ದನ್ನು ಒಲೆಯ ಮುಂದೆ ನಿಂತೇ ತಿಂದು ಪಾತ್ರೆ ತೊಳೆದಿಡುತ್ತಾಳೆ. ಅಳು ಬರುವುದು ಮಾತ್ರ ಬೆಳಿಗ್ಗೆ, ಕೆಲಸಕ್ಕೆ ಹೊರಡುವಾಗ. ಒಳಗೆ ಯಾರೂ ಇಲ್ಲದ ಮನೆಗೆ ಬೀಗ ಹಾಕಿ, ಹಾಕಿದ್ದೇನೋ ಇಲ್ಲವೋ ಎಂದು ಎಳೆದು ನೋಡುವಾಗ.

ತಂಗುಮನೆಯ ಮಕ್ಕಳಿಗೆ ಕಣ್ಣು ಪರೀಕ್ಷೆ ಮಾಡಲು ಅಂಗಡಿಯ ಕಡೆಯಿಂದ ಅವಳು ಹೋದದ್ದು ಆಕಸ್ಮಿಕ. ಆ ದಿನ ಪರೀಕ್ಷೆಗೆ ಬಂದವರೆಲ್ಲ ಹುಡುಗಿಯರೇ. ತಂಗುಮನೆ ನಡೆಸುವಾಕೆಯನ್ನು ಮಕ್ಕಳೆಲ್ಲ ದೊಡ್ಡಮ್ಮ ಎನ್ನುತ್ತಿದ್ದರು. ಕೆಲಸ ಮುಗಿದ ಮೇಲೆ ಅವಳು ಮೊಬೈಲಿನಲ್ಲಿದ್ದ ತಮ್ಮನ ಫೋಟೋ ತೆಗೆದು ಮುಂದೆ ಹಿಡಿದಳು. ದೊಡ್ಡಮ್ಮ ಫೋಟೋದ ಕಡೆ ಕಣ್ಣೇ ಹಾಯಿಸಲಿಲ್ಲ.

"ಇದಾನೆ ಅಂತಾನೂ ಹೇಳಲ್ಲಮ್ಮ, ಇಲ್ಲ ಅಂತಾನೂ ಹೇಳಲ್ಲ. ಇಲ್ಲಿಗೆ ಬರೋ ಮಕ್ಕಳಿಗೆ ನಾನು ಕೊಡೋ ಮಾತು ಅದೊಂದೇ. ನೀವಾಗಿ ಹೇಳು ಅನ್ನೋವರೆಗೂ ಯಾರಿಗೂ ಬಾಯಿ ಬಿಡಲ್ಲ ಅಂತ. ನಿನ್ನಂಥ ಅಕ್ಕಂದಿರೂ ಬರ್ತಾರೆ, ಹೊಡೆದು ಹೊರಗಟ್ಟಿದ ಅಪ್ಪಂದಿರೂ ಬರ್ತಾರೆ. ಎಲ್ರೂ ಅಳ್ತಾರೆ. ಮುಖ ನೋಡಿ ಯಾರು ಎಂಥೋರು ಅಂತ ನಂಗೆ ಗೊತ್ತಾಗಲ್ಲ."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಆಯಿತು. ಸಾಮಾನು ಎತ್ತಿಕೊಂಡು ಹೊರಡುವಾಗ ಕಟ್ಟಡದ ಹಿಂದೆ ಚೆಂಡು ಕುಟ್ಟುವ ಸದ್ದು ಕೇಳಿತು. "ನಂದು, ನಂದು!" ಎಂದು ಯಾರೋ ಕೂಗಿದರು. ಶಾಲೆಯಲ್ಲಿ ವಾಲಿಬಾಲ್ ಆಡುವಾಗ ಅವಳ ತಮ್ಮನೂ ಹಾಗೇ ಕೂಗುತ್ತಿದ್ದ. ಆದರೆ ಈ ದನಿ ಒಡೆದ ದನಿ, ದಪ್ಪ ದನಿ. ವಾಲಿಬಾಲ್ ಆಡುವ ಎಲ್ಲ ಹುಡುಗರೂ ಹಾಗೆ ಕೂಗುವವರೇ. ಅವಳು ಗೋಡೆಯ ಈಚೆ ತುಂಬ ಹೊತ್ತು ನಿಂತಿದ್ದಳು. ಇಣುಕಿ ನೋಡುವ ಧೈರ್ಯ ಬರಲಿಲ್ಲ. ಅವನಲ್ಲದಿದ್ದರೆ ಏನು ಗತಿ?

ಮಾರನೆಯ ದಿನವೇ ಅವಳು ಪೇಂಟ್ ಅಂಗಡಿಗೆ ಹೋಗಿ ಪಂದ್ಯಾವಳಿಯ ಮಾತೆತ್ತಿದಳು. ಹತ್ತು ಜನರ ಕಡ್ಡಿ ಒಬ್ಬನ ಹೊರೆ ಎಂದು ಸಾಹುಕಾರರಿಗೆ ಹೇಳಿ ಒಪ್ಪಿಸಿದಳು. ತಂಗುಮನೆಯ ಹುಡುಗರೂ ಒಂದು ತಂಡ ಕಟ್ಟಲಿ ಎಂದಳು. ಕರಪತ್ರದಲ್ಲಿ ಸಂಚಾಲಕಿ ಎಂದು ಅವಳ ಹೆಸರು ಬಿತ್ತು. ಬೀದಿಯವರು ಬಾಯ್ತುಂಬ ಹೊಗಳಿದಾಗಲೆಲ್ಲ ಅವಳಿಗೆ ಕಸಿವಿಸಿ. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುವುದು ತನ್ನಂಥವರನ್ನು ನೋಡಿಯೇ ಹುಟ್ಟಿದ ಗಾದೆ ಎನಿಸುತ್ತಿತ್ತು.

ಅವಳಿಗೆ ವಹಿಸಿದ್ದು ಟಿಕೆಟ್ ಮೇಜು. ಆದರೆ ಮೇಷ್ಟ್ರು ಒಂದು ಸಂಜೆ ಮೈದಾನದಲ್ಲಿ ತಮ್ಮ ಪದ್ಧತಿಗಳನ್ನೆಲ್ಲ ವಿವರಿಸುತ್ತಿದ್ದಾಗ ಒಂದು ಮಾತು ಹೇಳಿದರು. "ನನ್ನ ಅಂಕಣದಲ್ಲಿ ಆಟ ಮುಗಿದ ಮೇಲೆ ಎರಡೂ ಕಡೆಯೋರು ಸಾಲಾಗಿ ಬಂದು ರೆಫರಿಗೂ ಕೈ ಕೊಡ್ಬೇಕು, ಗೆರೆ ಕಾಯೋರಿಗೂ ಕೈ ಕೊಡ್ಬೇಕು. ಗೆದ್ದೋರೂ ಸರಿ, ಸೋತೋರೂ ಸರಿ, ನಮಗೆ ಬೈದೋರೂ ಸರಿ. ಕೈ ಕೊಡದೆ ಯಾರೂ ಮೈದಾನ ಬಿಡೋ ಹಾಗಿಲ್ಲ."

"ಸಾರ್, ಗೆರೆ ಕಾಯೋ ಕೆಲಸ ನಂಗೆ ಕೊಡಿ," ಎಂದಳು ಅವಳು.

"ನಿಂಗ್ಯಾಕಮ್ಮ ಬಿಸಿಲಿನ ಕೆಲಸ?"

"ನನ್ನ ಕಣ್ಣು ಚೆನ್ನಾಗಿದೆ ಸಾರ್."

ಮೇಷ್ಟ್ರು ನಕ್ಕು ಒಂದು ಕೆಂಪು ಬಾವುಟ ಕೈಗಿತ್ತರು. ಕೆಳಗಿಳಿಸಿದರೆ ಚೆಂಡು ಒಳಗೆ, ಮೇಲೆತ್ತಿದರೆ ಹೊರಗೆ, ಆಟಗಾರನ ಕೈಗೆ ತಾಗಿ ಹೊರಹೋದರೆ ಬಾವುಟದ ತುದಿಯ ಮೇಲೆ ಅಂಗೈ. ಅವಳು ಅಡುಗೆಮನೆಯಲ್ಲಿ ಸೌಟು ಹಿಡಿದು ಅಭ್ಯಾಸ ಮಾಡಿದಳು. ಇನ್ನೊಂದು ಅಭ್ಯಾಸವೂ ಇತ್ತು. ಒಬ್ಬರು ಕೈ ಕೊಟ್ಟು ಮುಂದೆ ಹೋಗುವಷ್ಟರಲ್ಲಿ ಆಡಿ ಮುಗಿಸಬಹುದಾದ ಒಂದು ಮಾತು. ಕ್ಷಮೆ ಕೇಳಲು ಹೋದರೆ ಅದು ಉದ್ದವಾಗುತ್ತಿತ್ತು. ಮೊಟಕು ಮಾಡಿ ಮಾಡಿ ಕೊನೆಗೆ ಉಳಿದದ್ದು, "ಮನೆ ಮಾಡಿದೀನಿ ಕಣೋ, ಬಂದ್ಬಿಡು." ಗಿರಾಕಿಗಳ ಕನ್ನಡಕ ಒರೆಸುವಾಗ, ಬಸ್ಸಿಗೆ ಕಾಯುವಾಗ, ಬಾಯೊಳಗೇ ಹೇಳಿಕೊಂಡಳು. ಅಷ್ಟನ್ನು ಅವನ ಕಿವಿಗೆ ಹಾಕಿದರೆ ಸಾಕಾಗಿತ್ತು. ಬರುವುದು ಬಿಡುವುದು ಅವನಿಗೆ ಬಿಟ್ಟದ್ದು.

ಪಂದ್ಯದ ದಿನ ಜನ ಚೆನ್ನಾಗಿಯೇ ಸೇರಿದರು. ಸುಣ್ಣದ ಗೆರೆಗಳು ಬಿಸಿಲಿಗೆ ಹೊಳೆಯುತ್ತಿದ್ದವು. ತಂಗುಮನೆಯ ವ್ಯಾನು ಬಂದು ಮೈದಾನದ ಅಂಚಿನ ಹುಲ್ಲಿನ ಮೇಲೆ ನಿಂತಿತು. ಹುಡುಗರು ಒಬ್ಬೊಬ್ಬರಾಗಿ ಇಳಿದರು. ಅವಳು ಮುಖ ಮುಖವನ್ನೂ ನೋಡಿದಳು. ಅವನಿಲ್ಲ ಎಂದುಕೊಳ್ಳುವಷ್ಟರಲ್ಲಿ, ಉದ್ದನೆಯ ಹುಡುಗನೊಬ್ಬ ವ್ಯಾನಿನ ಬಾಗಿಲಿಗೆ ತಲೆ ತಾಗದಂತೆ ಬಗ್ಗಿ ಇಳಿದ. ಮೀಸೆ ಚಿಗುರಿತ್ತು. ಭುಜ ಅಗಲವಾಗಿತ್ತು. ಅವನು ನಿಂತು, ಬಲಗಿವಿಯನ್ನು ಭುಜಕ್ಕೆ ಉಜ್ಜಿಕೊಂಡ. ತೊಟ್ಟಿಲಲ್ಲಿದ್ದಾಗಿನಿಂದ ಇದ್ದ ಚಾಳಿ. ಅವಳು ನೆಟ್ಟಿನ ಕಂಬ ಹಿಡಿದುಕೊಂಡಳು. ಅವನ ನೋಟ ಅವಳ ಮೇಲೆ ಬಂತು, ಕಂಬದ ಮೇಲೂ ಬಂತು, ಎರಡರ ಮೇಲೂ ಒಂದೇ ಸಮ ಹರಿದು ಆಚೆ ಹೋಯಿತು.

ದೊಡ್ಡಮ್ಮ ಪಕ್ಕಕ್ಕೆ ಬಂದು ನಿಂತರು. "ನಾನೇನೂ ಹೇಳಿಲ್ಲಮ್ಮ. ಕರಪತ್ರದಲ್ಲಿ ನಿನ್ನ ಹೆಸರು ಅವನೇ ನೋಡ್ದ. ಎರಡು ದಿನ ಯಾರ ಹತ್ರಾನೂ ಮಾತಾಡ್ಲಿಲ್ಲ. ಆಮೇಲೆ ಆಡ್ತೀನಿ ಅಂದ. ನೀನಾಗಿ ಹತ್ರ ಹೋಗ್ಬೇಡ, ಆಯ್ತಾ?"

"ಆಯ್ತು," ಎಂದಳು. ನೋಡಿಯೂ ಬಂದಿದ್ದಾನೆ. ಬಂದಿದ್ದಾನೆ, ನೋಡಲೊಲ್ಲ. ಇದರಲ್ಲಿ ಯಾವುದನ್ನು ಹಿಡಿದುಕೊಳ್ಳಬೇಕೋ ತಿಳಿಯದೆ ಮೂಲೆಗೆ ಹೋಗಿ ಬಾವುಟ ಹಿಡಿದು ನಿಂತಳು.

ಸಾಹುಕಾರರು ಮೈಕು ಹಿಡಿದು, "ಪಾಪ, ದಿಕ್ಕಿಲ್ಲದ ಮಕ್ಕಳು," ಎಂದು ಶುರು ಮಾಡಿದರು. ಹುಡುಗರು ನೆಲ ನೋಡತೊಡಗಿದರು. ಮೇಷ್ಟ್ರು ಜೋರಾಗಿ ಸೀಟಿ ಊದಿ ಆಟ ಶುರು ಮಾಡಿಸಿಯೇಬಿಟ್ಟರು. ಸಾಹುಕಾರರ ಮಿಕ್ಕ ಭಾಷಣ ಚಪ್ಪಾಳೆಯಲ್ಲಿ ಮುಳುಗಿತು. ಅಂದು ಮೇಷ್ಟ್ರು ಮಾಡಿದ ತೀರ್ಪುಗಳಲ್ಲಿ ಅದೇ ಅತ್ಯುತ್ತಮ.

ತಂಗುಮನೆಯ ತಂಡದ ಮೊದಲ ಪಂದ್ಯಗಳು ಪಕ್ಕದ ಅಂಕಣಕ್ಕೆ ಬಿದ್ದವು, ಅಲ್ಲಿ ಗೆರೆ ಕಾಯುವವರು ಬೇರೆ. ಹುಡುಗರು ಯಾರೂ ನೆನೆಸದಷ್ಟು ಚೆನ್ನಾಗಿ ಆಡಿ ಸೆಮಿಫೈನಲ್ಲಿಗೆ ಬಂದರು. ಈ ಸಲ ಅವಳ ಅಂಕಣ, ಎದುರಿಗೆ ಬಸ್ ಡಿಪೋದ ತಂಡ, ಕಟ್ಟುಮಸ್ತಾದ ಮೆಕ್ಯಾನಿಕ್ಕುಗಳು. ಒಂದೊಂದು ಸೆಟ್ ಗೆದ್ದು ಇಬ್ಬರೂ ಸಮನಾದರು. ಕೊನೆಯ ಸೆಟ್ಟಿನಲ್ಲಿ ಡಿಪೋದವರಿಗೆ ಗೆಲ್ಲಲು ಇನ್ನೊಂದೇ ಪಾಯಿಂಟು. ಅವಳ ತಮ್ಮ ನೆಟ್ಟಿನ ಹತ್ತಿರ ಬಂದಿದ್ದ. ಅಷ್ಟು ಹೊತ್ತೂ ಅವಳು ಗೆರೆಯಿಂದ ಕಣ್ಣು ಕೀಳದೆ ಕೆಲಸ ಮಾಡಿದ್ದಳು. ಆದರೆ ಈಗ ಡಿಪೋದವರ ಹೊಡೆತ ತಡೆಯಲು ಅವನು ಹಾರಿದಾಗ, ಎರಡೂ ಕೈ ಮೇಲೆತ್ತಿ ಒಂದು ಗಳಿಗೆ ಗಾಳಿಯಲ್ಲಿ ನಿಂತಾಗ, ಅವನ ಅಂಗಿ ಮೇಲೆ ಸರಿದು ಪಕ್ಕೆಲುಬುಗಳು ಕಂಡವು. ಒಂದೊಂದೂ ಎಣಿಸುವಂತೆ ಕಂಡವು. ಊಟ ಸರಿಯಾಗಿ ಮಾಡುತ್ತಾನೋ ಇಲ್ಲವೋ ಎಂದುಕೊಂಡಳು.

ದಪ್ಪ್ ಎಂದು ಹಿಂದೆಲ್ಲೋ ಚೆಂಡು ಬಿತ್ತು. ಗದ್ದಲ ಎದ್ದಿತು. "ಔಟ್! ಔಟ್!" ಎಂದು ತಂಗುಮನೆಯ ಹುಡುಗರು ಕುಣಿದರು. "ಟಚ್ ಸಾರ್, ಕೈಗೆ ತಾಗಿದೆ!" ಎಂದು ಡಿಪೋದವರು. ಮೇಷ್ಟ್ರು ಎತ್ತರದ ಕುರ್ಚಿಯಿಂದ ಅವಳ ಕಡೆ ತಿರುಗಿದರು. ಇಡೀ ಮೈದಾನ ತಿರುಗಿತು.

ಅವಳು ಚೆಂಡನ್ನು ನೋಡಿರಲಿಲ್ಲ.

ಬಾವುಟ ಮೇಲೆತ್ತಿದ್ದರೆ ತಮ್ಮನ ತಂಡಕ್ಕೆ ಪಾಯಿಂಟು. ಯಾರೂ ಕೇಳುತ್ತಿರಲಿಲ್ಲ. ಕೈ ಅರ್ಧ ಎದ್ದಿತ್ತು ಕೂಡ. ಆದರೆ ಅವನು ನೋಡುತ್ತಿದ್ದ. ಬೆಳಿಗ್ಗೆಯಿಂದ ಮೊದಲ ಸಲ, ನೆಟ್ಟಗೆ ಅವಳನ್ನೇ ನೋಡುತ್ತಿದ್ದ. ಆ ಮುಖಕ್ಕೆ ಎದುರಾಗಿ ಅವಳಿಗೆ ಸುಳ್ಳು ಹೇಳಲಾಗಲಿಲ್ಲ. ಕಾಣದೇ ಹೋದಾಗ ಗೆರೆ ಕಾಯುವವರು ಮಾಡಬೇಕಾದ ಸನ್ನೆಯೂ ಒಂದಿದೆ. ಅವಳು ಎರಡೂ ಕೈಗಳನ್ನು ಎದೆಯ ಮುಂದೆ ಕತ್ತರಿ ಹಾಕಿ ನಿಂತಳು. ನನಗೆ ಕಾಣಲಿಲ್ಲ ಎಂದು ಅದರ ಅರ್ಥ.

"ಕನ್ನಡಕದ ಅಂಗಡಿಯೋಳಿಗೇ ಕಣ್ಣು ಕಾಣಲ್ವಂತೆ!" ಎಂದು ಗುಂಪಿನಲ್ಲಿ ಯಾರೋ ಕೂಗಿದರು. ನಗೆ ಅಲೆಅಲೆಯಾಗಿ ಎದ್ದಿತು. ಸೀಟಿಗಳು, ಹೀಯಾಳಿಕೆಗಳು. "ಮೇಡಂಗೊಂದು ಕನ್ನಡಕ ಕೊಡ್ರಪ್ಪೋ!" ಅವಳು ಕೈ ಇಳಿಸುವುದನ್ನೂ ಮರೆತು ಹಾಗೇ ನಿಂತಿದ್ದಳು. ಪಾಯಿಂಟನ್ನು ಮತ್ತೆ ಆಡಿಸಲು ಮೇಷ್ಟ್ರು ಸೀಟಿಯನ್ನು ಬಾಯಿಗಿಟ್ಟರು.

ಆಗ ಅವಳ ತಮ್ಮ ಕೈ ಎತ್ತಿದ. "ಸಾರ್, ನನ್ನ ಬೆರಳಿಗೆ ತಾಗೇ ಹೋಗಿದ್ದು."

ನಗು ನಿಂತಿತು. "ಏಯ್, ಯಾಕೋ ಹೇಳ್ದೆ?" ಎಂದು ಪಕ್ಕದ ಹುಡುಗ ಅವನ ಬೆನ್ನಿಗೆ ಗುದ್ದಿದ. ಅವನು ಕಿವಿಯನ್ನು ಭುಜಕ್ಕೆ ಉಜ್ಜಿಕೊಂಡ. ಡಿಪೋದವರಿಗೆ ಪಾಯಿಂಟು ಹೋಯಿತು, ಪಂದ್ಯವೂ ಹೋಯಿತು.

ಎರಡೂ ತಂಡಗಳು ಸಾಲು ಕಟ್ಟಿ ಬಂದವು. ಮೊದಲು ಡಿಪೋದವರು, ಗ್ರೀಸಿನ ಕಲೆ ಹೋಗದ ಒರಟು ಕೈಗಳು. ಆಮೇಲೆ ತಂಗುಮನೆಯ ಹುಡುಗರು, ಒಬ್ಬ, ಇನ್ನೊಬ್ಬ, ಅವರ ಹಿಂದೆ ಅವನು. ಮಾತು ನಾಲಿಗೆಯ ತುದಿಯಲ್ಲೇ ಸಿದ್ಧವಾಗಿ ಕೂತಿತ್ತು. ಅವನ ಕೈ ಬಂದು ಅವಳ ಕೈಯಲ್ಲಿ ಕೂತಿತು. ಅವಳ ಕೈಗಿಂತ ದೊಡ್ಡದಾಗಿತ್ತು, ಬಿಸಿಯಾಗಿತ್ತು.

"ಬಾಲ್ ನೋಡ್ಬೇಕಕ್ಕ," ಎಂದ ಅವನು, ಮೆಲ್ಲಗೆ. "ನನ್ನಲ್ಲ."

ಅಕ್ಕ ಎಂದಿದ್ದ. ಆ ಎರಡಕ್ಷರ ಅವಳ ಕಿವಿಯಿಂದ ಒಳಗಿಳಿದು, ಅವಳಿಗೆ ಕಣ್ಣು ಮಂಜಾಗಿ, ಅಂತೂ ನಾಲಿಗೆ ತಿರುಗಿತು. "ಮನೆ ಮಾಡಿದೀನಿ ಕಣೋ, ಬಂದ್ಬಿಡು!"

ಕೈಯಲ್ಲಿದ್ದದ್ದು ಬೇರೆ ಕೈ. ಸಾಲು ಸರಿದುಹೋಗಿತ್ತು. ತಮ್ಮ ಆಗಲೇ ಗದ್ದಲದಲ್ಲಿ ಆಚೆ ಹೋಗಿದ್ದ. ಎದುರಿಗೆ ನಿಂತಿದ್ದವನು, ಮುಂದಿನ ಹಲ್ಲು ಮುರಿದಿದ್ದ, ಅವಳು ಎಂದೂ ನೋಡಿರದ ಒಬ್ಬ ಹುಡುಗ. ಅವನು ಕೈ ಹಿಡಿದುಕೊಂಡೇ ಅವಳ ಮುಖ ನೋಡಿದ.

"ನಂಗಾ ಮೇಡಂ?" ಎಂದ.

ಅವಳಿಗೆ ಹೌದೆನ್ನಲೂ ಆಗಲಿಲ್ಲ, ಅಲ್ಲವೆನ್ನಲೂ ಆಗಲಿಲ್ಲ. ಹುಡುಗ ಸ್ವಲ್ಪ ಹೊತ್ತು ಕಾದ. ಆಮೇಲೆ ತಾನೇ ಮುರುಕು ಹಲ್ಲು ಕಾಣುವಂತೆ ನಕ್ಕ. "ಇರ್ಲಿ ಬಿಡಿ," ಎಂದು ಕೈ ಬಿಡಿಸಿಕೊಂಡು ಮುಂದೆ ಹೋದ.

ಅವನ ಹಿಂದಿನವನು ಕೈ ಚಾಚಿದ್ದ. ಅವಳು ಅವನಿಗೂ ಕೈ ಕೊಟ್ಟಳು. ಕೊನೆಯವನವರೆಗೂ ಕೊಟ್ಟಳು.

ಮೇಷ್ಟ್ರ ಸೀಟಿ ಕೇಳಿತು, ಫೈನಲ್ ಶುರುವಾಗುವುದಿತ್ತು. ಬೇರೆಯವರಿಗೆ ಬಾವುಟ ಕೊಟ್ಟು ಓಡಿಹೋಗಲೇ ಎಂದು ಒಮ್ಮೆ ಅನ್ನಿಸಿತು. ಹತ್ತಿರ ಹೋಗಬೇಡ ಎಂದು ದೊಡ್ಡಮ್ಮ ಹೇಳಿದ್ದು ನೆನಪಾಯಿತು. ಅವಳು ಮೂಲೆಗೆ ಹೋಗಿ ನಿಂತಳು. ಚೆಂಡು ಆ ಕಡೆ ಹೋಯಿತು, ಈ ಕಡೆ ಬಂತು. ಹಿಂದೆ ವ್ಯಾನಿನ ಬಾಗಿಲು ಎಳೆದ ಸದ್ದು ಕೇಳಿದಾಗ ಚೆಂಡು ನೆಟ್ಟಿನ ಮೇಲಿತ್ತು. ಇಂಜಿನ್ ಶುರುವಾದಾಗ ಗೆರೆಯ ಒಳಗೆ ಬಿತ್ತು. ಅವಳು ಬಾವುಟ ಕೆಳಗಿಳಿಸಿದಳು. ಅದು ಸರಿಯಾದ ತೀರ್ಪಾಗಿತ್ತು. ಆಮೇಲಿನವೂ ಸರಿಯಾಗಿಯೇ ಇದ್ದವು.

ಆಟ ಮುಗಿದು, ಕೈಗಳೆಲ್ಲ ಬಂದು ಹೋದ ಮೇಲೆ ಅವಳು ತಿರುಗಿದಳು. ವ್ಯಾನು ನಿಂತಿದ್ದಲ್ಲಿ ಚಕ್ರದಡಿ ಸಿಕ್ಕಿದ್ದ ಹುಲ್ಲು ಎರಡು ಪಟ್ಟೆಯಾಗಿ ಮಲಗಿತ್ತು. ಅವಳು ಹತ್ತಿರ ಹೋಗಿ ನಿಂತು ನೋಡಿದಳು. ಅಲ್ಲೊಂದು ಇಲ್ಲೊಂದು ಎಸಳು, ಬಹಳ ನಿಧಾನವಾಗಿ, ಮೇಲೇಳುತ್ತಿತ್ತು.